ನಡಾವಳಿ

ಹದಿನೆಂಟು ವರ್ಷದಿಂದ ಬರೆಯುತ್ತಿದ್ದೇನೆ
ಉಲಾನ್‌ಬಾತರಿನ ಈ ಬೂದು ಕಟ್ಟಡದಲ್ಲಿ ಸಮಿತಿಗಳ ನಡಾವಳಿ.
ಚರ್ಚಿಸಲಾಗಿದೆ. ಪರಿಶೀಲಿಸಲಾಗಿದೆ. ಒಪ್ಪಲಾಗಿದೆ.
ಕ್ರಿಯೆಯುಂಟು, ಮಾಡಿದವರಿಲ್ಲ;
ಹಿಮದಲ್ಲಿ ಗುರುತುಂಟು, ಹಾದುಹೋದವರಿಲ್ಲ.
ನನಗದು ಹಿತವಾಗಿತ್ತು. ಯಾರೂ ಬಂದು
ಇದು ನನ್ನ ಮಾತಲ್ಲ ಎಂದು ಜಗಳವಾಡಿದ್ದಿಲ್ಲ.

ಜನವರಿ. ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಕಲ್ಲಿದ್ದಲ ಹೊಗೆ ಕಿಟಕಿಗೆ ಮುಖ ಒತ್ತಿ ನಿಂತಿತ್ತು.
ಅಂಗವಿಕಲರ ಮಸೂದೆ, ಕಲಮು ಹದಿನಾಲ್ಕು:
ಸಾರ್ವಜನಿಕ ಕಟ್ಟಡಗಳಿಗೆ ಇಳಿಜಾರು ದಾರಿ ಒದಗಿಸಬಹುದು.
ಮೂವರನ್ನು ಕರೆಸಿದ್ದರು, ಹತ್ತು ಗಂಟೆಗೆ.
ಹತ್ತೂ ಮುಕ್ಕಾಲಾದರೂ ಸುಳಿವಿಲ್ಲ.
ಅಧ್ಯಕ್ಷರು ಗಡಿಯಾರ ನೋಡಿ
"ಅವರಿಗೇ ಆಸಕ್ತಿಯಿಲ್ಲ, ಪಾಪ" ಎಂದರು.
ಆ ಪಾಪ ಯಾರದೆಂದು ನಾನು ಬರೆದುಕೊಳ್ಳಲಿಲ್ಲ.

ಅವರು ಬಾಗಿಲ ಬಳಿಯೇ ಇದ್ದರು.
ನಮ್ಮ ಇಳಿಜಾರು ನುಣುಪು ಅಮೃತಶಿಲೆ,
ಕಳೆದ ಚುನಾವಣೆಗೆ ಮುಂಚೆ ಹಾಕಿಸಿದ್ದು,
ಉದ್ಘಾಟನೆಯ ಚಿತ್ರದಲ್ಲಿ ಬಲು ಚಂದ.
ಮಂಜು ಕೂತರೆ ಮಕ್ಕಳ ಜಾರುಬಂಡಿ.
ತ್ಸೆಂದ್‌ಸುರೆನ್ ಗಾಲಿಕುರ್ಚಿಯಲ್ಲಿ ಎರಡು ಸಲ ಏರಿ, ಎರಡು ಸಲ ಜಾರಿ,
ಕೊನೆಗೆ ಹಿಂದಿನಿಂದ, ಕ್ಯಾಂಟೀನಿಗೆ ಕುರಿಮಾಂಸ ಬರುವ ದಾರಿಯಲ್ಲಿ
ಒಳಗೆ ಬಂದಳು. ಉಣ್ಣೆ ಬೂಟು ಹೊಲಿಯುವವಳು,
ತೊಡೆಯ ಮೇಲೆ ಉಪ್ಪುಚಹಾದ ಫ್ಲಾಸ್ಕು.
ಅವಳ ಕುರ್ಚಿಯ ಬೆನ್ನು ಹಿಡಿದು ಬಾದಮ್‌ದೋರ್ಜ್,
ಕಣ್ಣು ಕಾಣದವನು, ಮಾಲೀಸು ಅವನ ಕಸುಬು.
ಆಮೇಲೆ ಉಯಂಗಾ. ಹೆಸರಿನ ಅರ್ಥ ಇಂಪು, ಹುಟ್ಟಿದಂದಿನಿಂದ ಕಿವಿ ಕೇಳದು.
ಸಮಿತಿ ದುಭಾಷಿಯನ್ನು ಕೊಟ್ಟಿರಲಿಲ್ಲ;
ತಮ್ಮನನ್ನೇ ಶಾಲೆ ಬಿಡಿಸಿ ತಂದಿದ್ದಳು.

ಬಿಸ್ಕತ್ತು ಕೊಟ್ಟರು. ಫೋಟೋ ತೆಗೆದರು.
"ಓದಿಬಿಡಿ" ಎಂದರು ನನಗೆ. ಓದಿದೆ:
ಅಂಗವಿಕಲರ ಪ್ರತಿನಿಧಿಗಳೊಂದಿಗೆ ಸಮಾಲೋಚಿಸಲಾಗಿದೆ.

ಬಾದಮ್‌ದೋರ್ಜ್ ತಲೆ ವಾಲಿಸಿ ಕೇಳಿದ:
"ಅಮ್ಮಾ, ನಾನು ಬಂದಾಗಿನಿಂದ
ನಿಮ್ಮ ಕೀಲಿಮಣೆ ಒಮ್ಮೆಯೂ ಸದ್ದು ಮಾಡಿಲ್ಲ.
ಈ ಸಾಲು ಯಾವಾಗ ಬರೆದಿರಿ?"

ನಿನ್ನೆ. ಸಂಜೆ ಐದೂವರೆಗೆ. ಬಸ್ಸು ತಪ್ಪಬಾರದೆಂದು.
ಹೇಳಲಿಲ್ಲ. ಅವನಿಗೆ ಕೇಳಿಸಿತು.
"ಚಿಂತೆ ಬೇಡ" ಎಂದ, "ಎಷ್ಟೋ ಬೆನ್ನು ತಿಕ್ಕಿದ್ದೇನೆ, ದೊಡ್ಡವರದೂ.
ಬೆನ್ನಿಗೆ ಮೊದಲೇ ಗೊತ್ತಿರುತ್ತದೆ, ಬಾಯಿಗೆ ಬರುವುದು ತಡ.
ನಾನು ಏನು ಹೇಳಿದೆನೆಂದು ಬರೆದಿದ್ದೀರಿ?
ಅದನ್ನೇ ಹೇಳಿಬಿಡುತ್ತೇನೆ."

ಯಾರೋ ಕೆಮ್ಮಿದರು.

ಉಯಂಗಾ ಕೈ ಎತ್ತಿದಳು. ತಮ್ಮ ಬಾಯಾದ:
"ಹದಿನಾಲ್ಕನ್ನು ಅಕ್ಕನಿಗೆ ತಿಳಿಸುವಾಗ ತೊಡಕಾಯಿತು.
ಬಹುದು ಅನ್ನುವುದಕ್ಕೆ ನಮ್ಮನೆಯಲ್ಲಿ
ಎರಡು ಅಂಗೈ ತಕ್ಕಡಿಯ ಹಾಗೆ ತೂಗಾಡಿಸುತ್ತೇವೆ, ನೋಡಿ.
ಹೀಗೆ ತೂಗುವ ದಾರಿಯ ಮೇಲೆ
ಗಾಲಿ ಹೇಗೆ ನಿಲ್ಲುತ್ತದೆ ಅಂತ ಕೇಳುತ್ತಿದ್ದಾಳೆ."
ಬೇಕೇಬೇಕು ಎನ್ನುವುದನ್ನೂ ತೋರಿಸಿದಳು:
ಕೊಕ್ಕೆಯಾದ ತೋರುಬೆರಳು, ಗಾಳಿಯಿಂದ ಏನನ್ನೋ
ಕಿತ್ತು ಮೇಜಿಗಿಳಿಸಿದ ಹಾಗೆ.
ಉಗುರು ಟಕ್ಕೆಂದಿತು.
ಆ ಕೋಣೆಯಲ್ಲಿ ಅದನ್ನು ಕೇಳದವಳು ಅವಳೊಬ್ಬಳೇ.

ವಕೀಲರೊಬ್ಬರು ಖರ್ಚಿನ ಮಾತೆತ್ತಿದರು. ಸುಳ್ಳೇನಲ್ಲ:
ದೂರದ ಪ್ರಾಂತ್ಯಗಳಲ್ಲಿ ಶಾಲೆಗೆ ಒಲೆಯೇ ಇಲ್ಲ.
ತ್ಸೆಂದ್‌ಸುರೆನ್ ಅಂದಳು, "ಗೊತ್ತು. ಅಂಥ ಊರಿನವಳೇ.
ನಮ್ಮ ಶಾಲೆಗೆ ಒಲೆಯಿತ್ತು, ಮೂರು ಮೆಟ್ಟಿಲ ಆಚೆ.
ಎರಡನೇ ತರಗತಿಗೇ ಬಿಡಿಸಿದರು.
ಅಮೃತಶಿಲೆ ಕೇಳಿದವರು ಯಾರು?
ಒರಟು ಹಲಗೆ ಸಾಕಿತ್ತು, ಇನ್ನಷ್ಟು ಉದ್ದ,
ಮೇಲೊಂದು ಬೊಗಸೆ ಮರಳು.
ಕೇಳಿದ್ದರೆ ಪುಕ್ಕಟೆ ಹೇಳುತ್ತಿದ್ದೆ."

ಕಲಮು ಹದಿನಾಲ್ಕು ಪಾಸಾಗಲಿಲ್ಲ, ಬಿದ್ದೂ ಹೋಗಲಿಲ್ಲ.
ಮುಂದಕ್ಕೆ ಹೋಯಿತು,
ನಮ್ಮಲ್ಲಿ ಎಲ್ಲವೂ ಹೋಗುವ ಹಾಗೆ.

ಎಲ್ಲರೂ ಎದ್ದ ಮೇಲೆ ಆ ಸಾಲನ್ನು ಅಳಿಸಿದೆ.
ಬರೆದೆ: ಹನ್ನೊಂದು ಹತ್ತಕ್ಕೆ, ಮಾಂಸದ ಬಾಗಿಲಿಂದ,
ಮೂವರು ಬಂದರು. ಹೆಸರು ಇಂತಿಂಥವು.
ಯಾರು ಏನೆಂದರೋ ಅವರವರ ಮಾತಲ್ಲೇ.
ಉಗುರಿನ ಸದ್ದಿಗೆ ಏನು ಬರೆಯುವುದೋ ತೋಚದೆ
ಒಂದು ಚುಕ್ಕೆ ಇಟ್ಟೆ.

ಬಸ್ಸು ತಪ್ಪಿತು.
ಹದಿನೆಂಟು ವರ್ಷದಲ್ಲಿ ಮೊದಲ ಸಲ
ಮೆಟ್ಟಿಲು ಬಿಟ್ಟು ಆ ಇಳಿಜಾರಲ್ಲಿ ಇಳಿದೆ,
ಕತ್ತಲಲ್ಲಿ, ಕಂಬಿಗೆಂದು ಕೈ ಚಾಚಿ.
ಕಂಬಿ ಇರಲಿಲ್ಲ.